ಬುಧವಾರದ ಮೂರೂವರೆ

ಆಗಸ್ಟ್ 3, ಬುಧವಾರ

ಎಲೈ ನೋಟ್‌ಬುಕ್ಕೇ, ಕಿವಿಗೊಟ್ಟು ಕೇಳು! ಇಂದು ಈ ಕಾಲೇಜಿನಲ್ಲಿ ಒಂದು ಘೋರ ಅನ್ಯಾಯ ನಡೆದುಹೋಯಿತು. ಕದ್ದುಮುಚ್ಚಿ ಅಲ್ಲ, ಹಾಡುಹಗಲೇ, ಮಧ್ಯಾಹ್ನ ಮೂರೂವರೆಗೆ ಸರಿಯಾಗಿ! ಪೆನ್ಸಿಲ್ ಆ ಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಬಾಗಿಲ ಮೇಲಿನ ಕೆಂಪು ಬಲ್ಬು ಹೊತ್ತಿಕೊಂಡಿತು. ನಾನು ರಾಜ್ಯ ಕಳೆದುಕೊಂಡ ಅರಸನ ಹಾಗೆ ಹೊರಗೆ ನಿಂತೆ, ಕೈಯಲ್ಲಿ ಅವಳ ಚೀಲ ಹಿಡಿದುಕೊಂಡು.

ಕ್ರಮವಾಗಿ ಬರೆಯುತ್ತೇನೆ. ನಮ್ಮಪ್ಪ ನಾಟಕ ಕಂಪನಿಯ ರಾಜಪಾರ್ಟು. ಅಮ್ಮ ಅದೇ ಕಂಪನಿಯ ಪ್ರಾಂಪ್ಟರು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತು, ಮಾತು ಮರೆತ ಅರಸರಿಗೆಲ್ಲ ಮೆಲ್ಲಗೆ ಮೊದಲ ಪದ ಎತ್ತಿಕೊಡುವವಳು. ನಾನು ಕಿರೀಟದ ಪೆಟ್ಟಿಗೆಯ ಮೇಲೆ ಮಲಗಿ ಬೆಳೆದವಳು. ಅಪ್ಪನ ಗಂಟಲು ಹಾಗೇ ನನಗೆ ಬಂದಿದೆ. ಮೈಕಿಲ್ಲದೆ ಮಾತಾಡಿ ಕೊನೆಯ ಸಾಲಿನಲ್ಲಿ ತೂಕಡಿಸುವವನನ್ನು ಎಬ್ಬಿಸಬಲ್ಲೆ. ಅದಕ್ಕೇ ಕಾಲೇಜಿನ ಪ್ರತಿ ನಾಟಕದಲ್ಲೂ ಅರಸ ನಾನೇ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನನ್ನ ಹೆಸರೇ ಮಹಾರಾಜ.

ಪೆನ್ಸಿಲ್ ನನ್ನ ರೂಮ್‌ಮೇಟು. ತುರುಬಿಗೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆ. ಚಿತ್ರಕಲೆ ಓದುತ್ತಾಳೆ, ನಮ್ಮ ನಾಟಕಗಳ ಪರದೆಗಳನ್ನು ಬರೆಯುತ್ತಾಳೆ. ಎರಡು ವರ್ಷದ ಹಿಂದೆ, ಇನ್ನೂ ಬಣ್ಣ ಆರದ ಅರಮನೆಯ ಪರದೆಯ ಹಿಂದೆ ಕೂತು ಅವಳೆಂದಳು: “ನನಗೆ ಹುಡುಗರ ಮೇಲೆ ಮನಸ್ಸು ಹೋಗಲ್ಲ ಕಣೇ. ಹುಡುಗಿಯರ ಮೇಲೇ ಹೋಗೋದು.” ನಾನೆಂದೆ: “ನನಗೂ.” ನನ್ನ ಇಡೀ ಜೀವಮಾನದ ಅತಿ ಚಿಕ್ಕ ಡೈಲಾಗು ಅದು. ಅಂದಿನಿಂದ ಅವಳ ಗುಟ್ಟಿಗೆಲ್ಲ ನಾನು, ನನ್ನ ಗುಟ್ಟಿಗೆಲ್ಲ ಅವಳು. ಬೇರೆ ಯಾರಿಗೂ ಪ್ರವೇಶವಿರಲಿಲ್ಲ.

ಈಗ ಬಂದಿದ್ದಾರೆ ಬುಧವಾರದ ಮೇಡಂ! ಮನಸ್ಸಿನ ಕಷ್ಟ ಕೇಳುವ ಆಪ್ತಸಮಾಲೋಚಕರಂತೆ. ಮೇಡಂ ಒಬ್ಬರು, ಕಾಲೇಜು ಆರು. ಆದ್ದರಿಂದ ಅವರು ಬರುವುದಿಲ್ಲ, ಅವರ ಧ್ವನಿ ಬರುತ್ತದೆ. ರಂಗಮಂದಿರದ ಪಕ್ಕ, ನಮ್ಮ ಕತ್ತಿ ಗದೆಗಳನ್ನಿಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಒಂದು ಮೇಜು, ಒಂದು ಕುರ್ಚಿ, ಒಂದು ಫೋನು ಇಟ್ಟಿದ್ದಾರೆ. ಬುಧವಾರ ಎರಡಕ್ಕೆ, ಎರಡೂಮುಕ್ಕಾಲಿಗೆ, ಮೂರೂವರೆಗೆ, ನಾಲ್ಕೂಕಾಲಿಗೆ ಫೋನು ಬಡಿಯುತ್ತದೆ. ವಾರಕ್ಕೆ ನಾಲ್ಕೇ ಜನ. ಉಳಿದವರು ಪಟ್ಟಿಯಲ್ಲಿ.

ಹೊತ್ತು ಬೇಕಾದವರು ಒಂದು ಫಾರಂ ತುಂಬಿ ಕೊಡಬೇಕು. ಪೆನ್ಸಿಲ್ ತನ್ನದರಲ್ಲಿ ಕಾರಣದ ಜಾಗದಲ್ಲಿ ನಿಜ ಬರೆದಳು. ಅವಳಿಗೆ ಮೂರೂವರೆ ಸಿಕ್ಕಿತು. ನಾನು “ಓದಿನಲ್ಲಿ ಏಕಾಗ್ರತೆ ಇಲ್ಲ” ಎಂದು ಬರೆದೆ. ನನಗೆ ಪಟ್ಟಿಯಲ್ಲಿ ಹತ್ತೊಂಬತ್ತನೇ ನಂಬರು ಸಿಕ್ಕಿತು. ಯಾಕೆ ಹಾಗೆ ಬರೆದೆ ಎನ್ನುವುದು ಇಲ್ಲಿ ಅಪ್ರಸ್ತುತ.

ಆಗಸ್ಟ್ 4, ಗುರುವಾರ

ಬೆಳಗ್ಗೆ ಹಲ್ಲುಜ್ಜುತ್ತಾ ಕೇಳಿದೆ, ಏನೂ ಆಗಿಲ್ಲವೆಂಬ ಹಾಗೆ: “ನಿನ್ನೆ ಏನೇನು ಮಾತಾಡಿದೆಯೇ?”

“ಅದು ಬುಧವಾರದ್ದು ಕಣೇ,” ಎಂದಳು.

“ಅಂದ್ರೆ?”

“ಬುಧವಾರದ್ದು ಬುಧವಾರಕ್ಕೇ ಇರ್ಲಿ. ಇಲ್ಲಿಗೆ ತರೋದು ಬೇಡ.”

“ನಾನು ಹೊರಗಿನವಳಾ?”

“ನೀನು ಒಳಗಿನವಳೇ. ಅದಕ್ಕೇ ಹೇಳೋಕಾಗಲ್ಲ,” ಎಂದು ಬಾಯಿ ಮುಕ್ಕಳಿಸಿದಳು.

ಮುಕ್ಕಳಿಸಿದಳು! ಎರಡು ವರ್ಷದ ಸ್ನೇಹವನ್ನು ಸಿಂಕಿಗೆ ಉಗಿದ ಹಾಗೆ! ನನ್ನ ಹೊಟ್ಟೆಯಲ್ಲಿ ಅಡುಗೆಮನೆಯ ದೊಡ್ಡ ಒಲೆ ಹೊತ್ತಿಕೊಂಡಿತು. ಮುಖ ಕಾಣದ, ಹೆಸರು ತಿಳಿಯದ, ನಲವತ್ತೈದು ನಿಮಿಷಕ್ಕೆ ಫೋನಿಡುವ ಹೆಂಗಸೊಬ್ಬಳಿಗೆ ಇವಳು ಬಾಯಿ ಬಿಡುತ್ತಾಳೆ. ಇವಳಿಗೆ ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದವಳು ನಾನು. ಇವಳಿಗೆ ಬಸ್ಸಿನಲ್ಲಿ ತಲೆ ಸುತ್ತುತ್ತದೆಂದು ಕಿಟಕಿ ಬಿಟ್ಟುಕೊಟ್ಟವಳು ನಾನು. ಆ ಮೇಡಂಗೆ ಗೊತ್ತೇ, ಇವಳು ಎಡಗಡೆಗೆ ತಿರುಗಿಯೇ ಮಲಗುತ್ತಾಳೆಂದು?

ತರಗತಿಯಲ್ಲಿ ಮೇಷ್ಟ್ರು ಏನು ಹೇಳಿದರೋ ಒಂದಕ್ಷರ ತಲೆಗೆ ಹೋಗಲಿಲ್ಲ. ಏಕಾಗ್ರತೆ ಇಲ್ಲವೆಂದು ಬರೆದದ್ದು ಕೊನೆಗೂ ನಿಜವಾಯಿತು.

ಆಗಸ್ಟ್ 10, ಬುಧವಾರ

ಇಂದು ನಾನು ಬೇಹುಗಾರಿಕೆಗೆ ಇಳಿದೆ. ಅರಸರಿಗೆ ಇದು ಶೋಭಿಸದು, ಬಲ್ಲೆ. ಆದರೂ ಇಳಿದೆ.

ಆ ಕೋಣೆಗೂ ರಂಗಮಂದಿರಕ್ಕೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಕಿವಿ ಒತ್ತಿ ನಿಂತೆ. ಹತ್ತು ನಿಮಿಷ ಒಂದು ಸದ್ದಿಲ್ಲ. ಮೇಜಿನ ಮೇಲೆ ಪೆನ್ಸಿಲ್ ಕುಟ್ಟುವ ಟಕ್, ಟಕ್, ಅಷ್ಟೇ. ನನಗೆ ಒಳಗೊಳಗೇ ಖುಷಿ. ಮಾತಾಡುವುದಕ್ಕೇನೂ ಇಲ್ಲ ಪಾಪ, ಎಂದುಕೊಂಡೆ. ಆಮೇಲೆ ಕೇಳಿಸಿತು. ನಗು! ಇವಳು ನಗುತ್ತಿದ್ದಾಳೆ. ಒಂದು ತಿಂಗಳಿಂದ ನನ್ನ ಒಂದೇ ಒಂದು ತಮಾಷೆಗೆ ತುಟಿ ಅಲ್ಲಾಡಿಸದವಳು ಆ ಫೋನಿನೊಳಗಿನ ಹೆಂಗಸಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ನಾನು ಗೋಡೆ ಬಿಟ್ಟು ಬಂದೆ. ಹಲಗೆಯ ಸಿಬಿರು ಕಿವಿಗೆ ಚುಚ್ಚಿ ರಕ್ತ ಬಂದಿತ್ತು. ಬೇಹುಗಾರರ ಗತಿಯೇ ಇಷ್ಟು.

ಕೋಣೆಯ ಹೊರಗೆ ಬೆಂಚಿನ ಮೇಲೆ ಒಬ್ಬಳು ಕೂತಿರುತ್ತಾಳೆ. ಬೆಂಚಿನವಳು ಎಂದೇ ಕರೆಯುತ್ತೇನೆ. ಹೋದ ಬುಧವಾರವೂ ಇದ್ದಳು. ಚೀಲವನ್ನು ಮಗುವಿನ ಹಾಗೆ ಅಪ್ಪಿಕೊಂಡು ಎರಡರಿಂದ ಐದರವರೆಗೆ ಕೂರುತ್ತಾಳೆ. “ನಿಂದು ಯಾವ ಹೊತ್ತು?” ಎಂದು ಕೇಳಿದೆ.

“ನಂದು ಪಟ್ಟಿಯಲ್ಲಿ ಒಂದನೇ ನಂಬರು. ಯಾರಾದ್ರೂ ಬರದೇ ಇದ್ರೆ ನನ್ನನ್ನ ಕಳಿಸ್ತಾರಂತೆ.”

“ಯಾರಾದ್ರೂ ತಪ್ಪಿಸಿದ್ದಾರಾ?”

“ಇನ್ನೂ ಇಲ್ಲ ಅಕ್ಕಾ.”

ಎಂಥ ಮೂರ್ಖತನ! ಕೆಲಸವಿಲ್ಲದವರ ಕಾಯುವಿಕೆ. ಹೀಗೆಂದುಕೊಂಡು ನಾನೂ ಅವಳ ಪಕ್ಕ ಮುಕ್ಕಾಲು ಗಂಟೆ ಕೂತೆ.

ಆಗಸ್ಟ್ 13, ಶನಿವಾರ

ಮೆಸ್ಸಿನಲ್ಲಿ ಪೆನ್ಸಿಲ್ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ನಾನು ತಟ್ಟೆಯನ್ನು ಹಾಗೇ ತೊಳೆಯಲು ಇಟ್ಟೆ. ಯಾರೂ ಗಮನಿಸಲಿಲ್ಲ. ಒಳ್ಳೆಯ ನಟನೆ ಎಂದರೆ ಹೀಗಿರಬೇಕು.

ಆಗಸ್ಟ್ 21, ಭಾನುವಾರ

ಇಂದು ಪೆನ್ಸಿಲ್‌ಳ ಅಕ್ಕ ಬಂದಿದ್ದರು. ದಂತವೈದ್ಯರ ಬಳಿ ಸಹಾಯಕಿಯಾಗಿದ್ದಾರೆ. ಯಾರನ್ನು ಕಂಡರೂ ಮೊದಲು ಹಲ್ಲು ನೋಡುತ್ತಾರೆ. ಫಾರಂನಲ್ಲಿ “ತುರ್ತಿಗೆ ಮನೆಯವರ ನಂಬರು” ಎಂಬ ಜಾಗವಿದೆಯಲ್ಲ, ಅಲ್ಲಿ ಪೆನ್ಸಿಲ್ ಬರೆದದ್ದು ಈ ಅಕ್ಕನ ನಂಬರನ್ನು. ಈ ಅಕ್ಕನಿಗೆ ಎಲ್ಲ ಗೊತ್ತು. ಗೊತ್ತಿದ್ದೂ ತಂಗಿಯ ತಲೆಗೆ ಎಣ್ಣೆ ಹಚ್ಚುತ್ತಾ ಕೂತಿದ್ದರು.

“ಏನಮ್ಮಾ ಮಹಾರಾಜ, ದವಡೆ ಬಿಗಿ ಹಿಡಿದಿದ್ದೀಯ. ಹಲ್ಲು ಕಡೀತೀಯಾ?” ಎಂದರು.

“ಇಲ್ಲ ಅಕ್ಕಾ, ಪಾತ್ರದ ತಯಾರಿ,” ಎಂದೆ.

“ಯಾವ ಪಾತ್ರ?”

“ಅರಸಂದು.”

“ಅರಸನಿಗೆ ಅಷ್ಟೊಂದು ಕಷ್ಟ ಇದೆಯಾ?” ಎಂದು ನಕ್ಕರು. ಅವರ ಮುಂದೆ ಅತ್ತುಬಿಡುವ ಹಾಗಾಯಿತು. ಬಕೆಟ್ ತೆಗೆದುಕೊಂಡು ಬಟ್ಟೆ ಒಗೆಯಲು ಹೋದೆ. ಒಗೆದ ಬಟ್ಟೆಗಳನ್ನೇ ಮತ್ತೆ ಒಗೆದೆ.

ಅಕ್ಕ ಹೋದ ಮೇಲೆ ಇವಳು ಹೊಸ ಅಂಗಿ ತೊಟ್ಟು ಹೊರಟಳು. ಭಾನುವಾರ ಸಂಜೆ ಗ್ರಂಥಾಲಯದ ಮಹಡಿಯಲ್ಲಿ ನಮ್ಮಂಥವರೇ ಎಂಟು ಹತ್ತು ಜನ ಸೇರುತ್ತಾರಂತೆ. ಬೇರೆ ಬೇರೆ ಕಾಲೇಜಿನವರು. ಚಹಾ ಕುಡಿದು ಹರಟೆ ಹೊಡೆಯುತ್ತಾರಂತೆ. ಮೇಡಂ ಹೇಳಿದ್ದಂತೆ! “ನೀನೂ ಬಾರೇ,” ಎಂದಳು. “ನನಗೆ ರಿಹರ್ಸಲ್ ಇದೆ,” ಎಂದೆ. ಭಾನುವಾರ ರಿಹರ್ಸಲ್ ಇರುವುದಿಲ್ಲ. ಅವಳಿಗೂ ಗೊತ್ತು.

ಅಕ್ಕ, ಮೇಡಂ, ಎಂಟು ಹತ್ತು ಜನ. ಒಬ್ಬಳಿಗೆ ಎಷ್ಟು ಬೇಕು? ನನಗೆ ಒಬ್ಬಳೇ ಇದ್ದಳು.

ಆಗಸ್ಟ್ 29, ಸೋಮವಾರ

ಭೂಮಿ ಬಾಯಿಬಿಡಬಾರದೇ! ಇಂದು ರಿಹರ್ಸಲಿನಲ್ಲಿ ನಾನು ಮಾತು ಮರೆತೆ. ನಾನು! ಆಸ್ಥಾನದ ನಡುವೆ ನಿಂತು, ಎದೆ ಸೆಟೆಸಿ, ಕೈಯೆತ್ತಿ, “ಎಲೈ ಮಂತ್ರಿವರ್ಯಾ” ಎಂದು ಗುಡುಗಿದೆ. ಮುಂದೆ ಏನೂ ಇಲ್ಲ. ತೊಳೆದಿಟ್ಟ ಪಾತ್ರೆಯ ಹಾಗೆ ತಲೆ ಖಾಲಿ. ಮಂತ್ರಿ ಕಾದ. ಸೇನಾಪತಿ ಕೆಮ್ಮಿದ. ಪರದೆಗೆ ಬಣ್ಣ ಬಳಿಯುತ್ತಿದ್ದ ಪೆನ್ಸಿಲ್ ಕುಂಚ ಹಿಡಿದೇ ತಿರುಗಿದಳು.

“ಮಹಾರಾಜರಿಗೆ ಮೂರ್ಛೆ,” ಎಂದು ಸೇನಾಪತಿ ಅಂದ. ಎಲ್ಲರೂ ನಕ್ಕರು.

ಪೆನ್ಸಿಲ್ ನಗಲಿಲ್ಲ. ರೂಮಿಗೆ ಬಂದ ಮೇಲೆ ಕೇಳಿದಳು: “ನೀನು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?”

“ನಿನ್ನ ಮೇಡಂ ಹಾಗೆ ಮಾತಾಡಬೇಡ.”

“ಮೇಡಂ ಹಾಗೆ ಅಲ್ಲ ಕಣೇ. ನನ್ನ ಹಾಗೇ ಕೇಳ್ತಿದ್ದೀನಿ. ಫಾರಂ ಬದಲಾಯಿಸು. ನಿಜ ಬರಿ.”

“ನಿನಗೇನು, ಸಿಕ್ಕಿದೆ, ಹೇಳ್ತೀಯ,” ಎಂದುಬಿಟ್ಟೆ. ಅವಳು ತುರುಬಿನಿಂದ ಪೆನ್ಸಿಲ್ ತೆಗೆದು, ಮತ್ತೆ ಸಿಕ್ಕಿಸಿಕೊಂಡಳು.

ಸೆಪ್ಟೆಂಬರ್ 1, ಗುರುವಾರ

ಏನೂ ಬರೆಯಲು ಮನಸ್ಸಿಲ್ಲ. ಅವಳು ಹಾಡು ಗುನುಗುತ್ತಾ ಬಟ್ಟೆ ಮಡಚುತ್ತಿದ್ದಾಳೆ.

ಸೆಪ್ಟೆಂಬರ್ 6, ಮಂಗಳವಾರ

ಅಪ್ರಸ್ತುತ ಎಂದು ಬಿಟ್ಟಿದ್ದನ್ನು ಬರೆದೇ ತೀರಬೇಕಾಗಿದೆ. ಒಳಗಿಟ್ಟುಕೊಂಡು ಸುಸ್ತಾಗಿದೆ.

ಜುಲೈನಲ್ಲಿ ಫಾರಂ ಕೊಡುವ ದಿನ ವಿದ್ಯಾರ್ಥಿ ಕಲ್ಯಾಣ ಕಚೇರಿಯ ಮುಂದೆ ಉದ್ದನೆಯ ಸಾಲು. ಒಳಗೆ ಗುಮಾಸ್ತರು. ಅವರ ಅಡ್ಡಹೆಸರು ಲೌಡ್‌ಸ್ಪೀಕರು. ಯಾವ ಕಾಗದವನ್ನೂ ಅವರು ಮನಸ್ಸಿನಲ್ಲಿ ಓದುವುದಿಲ್ಲ. ನಮ್ಮ ಮುಂದಿದ್ದ ಹುಡುಗನ ಫಾರಂ ಓದಿ, “ಏನಪ್ಪಾ, ಪ್ರೀತಿಯಲ್ಲಿ ಎದೆ ಒಡೆದಿದೆಯಾ? ಎದೆಯ ಆಸ್ಪತ್ರೆ ಬಸ್ ಸ್ಟ್ಯಾಂಡ್ ಪಕ್ಕ!” ಎಂದರು. ಸಾಲಿಗೆ ಸಾಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಆಮೇಲೆ ಪೆನ್ಸಿಲ್. ಅವಳ ಹಿಂದೆ ನಾನು. ಇಬ್ಬರ ಫಾರಂನಲ್ಲೂ ಒಂದೇ ಸತ್ಯ ಬರೆದಿತ್ತು. ಹಿಂದಿನ ದಿನ ಜೊತೆಗೇ ಕೂತು ಬರೆದದ್ದು. ಗುಮಾಸ್ತರು ಅವಳದನ್ನು ಓದತೊಡಗಿದರು: “ಕಾರಣ… ನನಗೆ ಹುಡುಗಿಯರ ಮೇಲೆ…” ಅಲ್ಲಿಗೆ ಲೌಡ್‌ಸ್ಪೀಕರು ಕೆಟ್ಟಿತು. ಪೆನ್ಸಿಲ್ ತನ್ನ ಸಣ್ಣ ದನಿಯಲ್ಲಿ, “ಓದಿ ಸಾರ್. ನಿಲ್ಲಿಸಿದ್ರಲ್ಲ, ಪೂರ್ತಿ ಓದಿ,” ಎಂದಳು. ಎಂಥ ಪ್ರವೇಶ! ನಮ್ಮಪ್ಪ ಐವತ್ತು ವರ್ಷ ಬಣ್ಣ ಹಚ್ಚಿಯೂ ಅಂಥದ್ದೊಂದು ಮಾಡಿಲ್ಲ.

ಅವಳು ತಿರುಗಿ ನನ್ನನ್ನು ನೋಡಿದಳು. ನಾನು ನನ್ನ ಫಾರಂ ಹರಿದು ಜೇಬಿಗಿಟ್ಟುಕೊಂಡು, ಹೊಸದೊಂದು ತೆಗೆದುಕೊಂಡು “ಏಕಾಗ್ರತೆ” ಎಂದು ಬರೆದೆ.

ಆ ಮಧ್ಯಾಹ್ನವೇ ಹಾಸ್ಟೆಲಿಗೆಲ್ಲ ಸುದ್ದಿ. ಬಟ್ಟೆ ಒಣಹಾಕುವ ಹಗ್ಗದಲ್ಲಿ ಇವಳ ಬಟ್ಟೆಯ ಅಕ್ಕಪಕ್ಕ ಯಾರೂ ಬಟ್ಟೆ ಹಾಕಲಿಲ್ಲ. ಮೆಸ್ಸಿನಲ್ಲಿ ಇವಳ ಟೇಬಲ್ ಖಾಲಿ. ಎರಡು ದಿನ ನಾನೂ ಬೇರೆ ಟೇಬಲ್ಲಿನಲ್ಲಿ ಕೂತೆ. ಎರಡೇ ದಿನ. ಮೂರನೇ ದಿನ ಅವಳ ಬಳಿಗೆ ಹೋದಾಗ ಏನೂ ಕೇಳದೆ ಉಪ್ಪು ಸರಿಸಿದಳು.

ಇಷ್ಟು ಸಾಕು.

ಇಂದು ಬೆಳಗ್ಗೆ ಪೆನ್ಸಿಲ್ ನನಗೊಂದು ಚೀಟಿ ಕೊಟ್ಟಳು. ನಾಳೆ ಮೂರೂವರೆಗೇ ಅವಳ ಚಿತ್ರಗಳ ಪರೀಕ್ಷೆ, ತಪ್ಪಿಸುವಂತಿಲ್ಲ. “ಇದನ್ನ ಆಫೀಸಿಗೆ ಕೊಟ್ಟುಬಿಡೇ, ಮರೀಬೇಡ. ನನ್ನ ಹೊತ್ತು ಆ ಬೆಂಚಿನ ಹುಡುಗಿಗಾದ್ರೂ ಹೋಗ್ಲಿ.”

ಸಂಜೆ ಐದಾಯಿತು, ಕಚೇರಿ ಮುಚ್ಚಿತು. ಚೀಟಿ ಇನ್ನೂ ನನ್ನ ಬಳಿಯೇ ಇದೆ.

ಸೆಪ್ಟೆಂಬರ್ 7, ಬುಧವಾರ

ಬರೆಯುತ್ತೇನೆ. ಒಂದನ್ನೂ ಬಿಡದೆ ಬರೆಯುತ್ತೇನೆ.

ಮೂರೂಕಾಲಿಗೇ ಹೋಗಿ ನಿಂತೆ. ಕಂಪನಿಯಲ್ಲಿ ಏಳನೇ ವಯಸ್ಸಿಗೇ ರಾಣಿ, ವಿದೂಷಕ, ಮುದುಕಿ ಮೂವರ ದನಿ ತೆಗೆದು ಚಪ್ಪಾಳೆ ಗಿಟ್ಟಿಸಿದವಳು ನಾನು. ಎರಡು ವರ್ಷ ಒಂದೇ ರೂಮಿನಲ್ಲಿದ್ದವಳ ದನಿ ತೆಗೆಯುವುದು ಯಾವ ಮಹಾ ವಿದ್ಯೆ? ಒಂದೇ ಒಂದು ವಿಷಯ ತಿಳಿಯಬೇಕಿತ್ತು: ಅವಳು ನನ್ನ ಬಗ್ಗೆ ಏನು ಹೇಳಿದ್ದಾಳೆ?

ಎರಡೂಮುಕ್ಕಾಲಿನ ಹುಡುಗ ಹೊರಗೆ ಬಂದ. ಬೆಂಚಿನವಳು ಎದ್ದು ನಿಂತಳು. “ಅಕ್ಕಾ, ಮೂರೂವರೆಯವರು ಇವತ್ತು ಬಂದಿಲ್ಲ ಅಲ್ವಾ?”

“ಬಂದಿದ್ದಾರೆ,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಮ್ಮ ಗದೆಗಳಿದ್ದ ಗೋಡೆಗೆ ಹೊಸ ಸುಣ್ಣ. ಮೊಳೆಗಳು ಹಾಗೇ ಇವೆ. ಮೇಜಿನ ಅಂಚಿನಲ್ಲಿ ಪೆನ್ಸಿಲ್ ಕುಟ್ಟಿದ ಸಣ್ಣ ಸಣ್ಣ ಗುರುತುಗಳು. ಫೋನು ಬಡಿಯಿತು. ಎತ್ತಿದೆ.

“ಹೇಳಿ,” ಎಂದಿತು ಧ್ವನಿ. ನಾನು ಎಂಥ ಧ್ವನಿಯನ್ನು ಕಲ್ಪಿಸಿಕೊಂಡಿದ್ದೆ! ಜೇನಿನಂಥದ್ದು, ಮಾಯಾವಿಯಂಥದ್ದು. ನನ್ನ ವೈರಿಗೆ ನೆಗಡಿಯಾಗಿತ್ತು.

ಪೆನ್ಸಿಲ್‌ಳ ದನಿಯಲ್ಲಿ, ಅವಳು ತಡವರಿಸುವ ಕಡೆ ತಡವರಿಸಿ, ಒಂದೇ ಉಸಿರಿಗೆ ಹೇಳಿದೆ: “ಮೇಡಂ, ಹೇಗಿದ್ದೀರಿ? ಅದೇ, ಹೋದ ವಾರ ನನ್ನ ರೂಮ್‌ಮೇಟ್ ವಿಷಯ ಮಾತಾಡಿದ್ವಲ್ಲ. ನಾನು ಏನು ಹೇಳಿದ್ದೆ, ಒಂದು ಸಲ ನೆನಪು ಮಾಡ್ತೀರಾ?”

ಆ ಕಡೆಯಿಂದ ನೀರು ಕುಡಿದ ಸದ್ದು.

“ನೀವು ಯಾರು ಅಂತ ನಾನು ಕೇಳಲ್ಲ,” ಎಂದರು. “ಆದ್ರೆ ಈ ಹೊತ್ತು ನಿಮ್ಮದಲ್ಲ.”

“ಹೇಗೆ ಗೊತ್ತಾಯ್ತು?”

“ಅದನ್ನ ಹೇಳಿದ್ರೆ ಅವರ ವಿಷಯ ನಿಮಗೆ ಹೇಳಿದ ಹಾಗಾಗುತ್ತೆ. ಹೇಳಲ್ಲ.”

ನೋಡು, ಅಲ್ಲೂ ಅವಳ ಪರ! ನನ್ನ ಸ್ವಂತ ಗಂಟಲು ಹೊರಗೆ ಬಂತು. ಬಂದದ್ದು ಗುಡುಗಲ್ಲ, ಎಂಥದೋ ಕೀರಲು. “ನಾನು ಅವಳ ಸ್ನೇಹಿತೆ ಮೇಡಂ. ನನಗೆ ಕೇಳೋ ಹಕ್ಕಿಲ್ವಾ?”

“ಇಲ್ಲ,” ಎಂದರು. ಬೈದ ಹಾಗಿರಲಿಲ್ಲ. “ಒಂದೆರಡು ಮಾತು ನಿಮ್ಮನ್ನೇ ಕೇಳ್ಲಾ? ಇವತ್ತು ಊಟ ಮಾಡಿದ್ರಾ?”

ಎಷ್ಟೋ ದೊಡ್ಡ ದೊಡ್ಡ ಸ್ವಗತಗಳು ನನಗೆ ಬಾಯಿಪಾಠ. ಇದಕ್ಕೆ ಒಂದೇ ಪದ ಬಂತು: “ಇಲ್ಲ.”

“ನಿನ್ನೆ?”

“ಬನ್ನು. ಅರ್ಧ.”

“ಜೀವಕ್ಕೆ ಏನಾದ್ರೂ ಮಾಡ್ಕೊಂಡುಬಿಡಬೇಕು ಅಂತ ಅನ್ಸುತ್ತಾ?”

“ಇಲ್ಲ,” ಎಂದೆ. ಅದು ನಿಜ. “ಬರೀ ಸುಸ್ತು ಮೇಡಂ. ಇಡೀ ದಿನ ಬಣ್ಣ ಹಚ್ಚಿಕೊಂಡೇ ಇರೋ ಹಾಗೆ.”

“ನಿಮ್ಮ ಫಾರಂ ಇದೆಯಾ?”

“ಇದೆ. ಸುಳ್ಳು ಬರೆದಿದ್ದೀನಿ. ಗುಮಾಸ್ತರು ಜೋರಾಗಿ ಓದ್ತಾರೆ.”

“ಓದ್ತಾರಾ?” ಆ ನೆಗಡಿಯ ದನಿ ಮೊದಲ ಸಲ ಗಡುಸಾಯಿತು. “ಫಾರಂ ಲಕೋಟೆಗೆ ಹಾಕಿ, ಅಂಟಿಸಿ ಕೊಡಬೇಕು ಅಂತ ನಿಯಮ ಇದೆ. ಒಡೆಯೋದು ನಾನೊಬ್ಬಳೇ. ನಿಮಗೆ ಯಾರೂ ಹೇಳಲಿಲ್ವಾ?”

ಯಾರೂ ಹೇಳಲಿಲ್ಲ. ಒಂದು ಲಕೋಟೆ! ಬರೀ ಒಂದು ಲಕೋಟೆ ಇದ್ದಿದ್ದರೆ ಪೆನ್ಸಿಲ್ ಆ ಸಾಲಿನಲ್ಲಿ ಒಬ್ಬಳೇ ನಿಲ್ಲುತ್ತಿರಲಿಲ್ಲ.

“ನಿಜ ಬರೆದು ಕೊಡಿ. ಇವತ್ತಿನದನ್ನ ನಿಮ್ಮ ಗೆಳತಿಗೆ ನೀವೇ ಹೇಳಿ. ಹೇಳದೇ ಇದ್ರೆ ಮುಂದಿನ ವಾರ ನಾನು ಹೇಳಬೇಕಾಗುತ್ತೆ. ಈಗ ಹೊರಗೆ ಯಾರಾದ್ರೂ ಕಾಯ್ತಿದ್ದಾರಾ?”

“ಒಬ್ಬಳಿದ್ದಾಳೆ. ಎಲ್ಲ ಬುಧವಾರವೂ ಇರ್ತಾಳೆ.”

“ಇನ್ನೂ ಮೂವತ್ತೈದು ನಿಮಿಷ ಇದೆ. ಅವರನ್ನ ಕಳಿಸ್ತೀರಾ? ಫೋನ್ ಇಡಬೇಡಿ, ಕೈಗೆ ಕೊಡಿ.”

ಬಾಗಿಲು ತೆಗೆದೆ. ಅವಳು ಚೀಲ ಅಪ್ಪಿಕೊಂಡು ಕೂತಿದ್ದಳು. “ಬಾ,” ಎಂದೆ. ನಂಬಲಿಲ್ಲ. “ನಿನಗೇ. ಬಾ.” ರಿಸೀವರ್ ಕೊಟ್ಟೆ. ಅವಳು “ಹಲೋ” ಎನ್ನುವ ಮೊದಲೇ ಅಳತೊಡಗಿದಳು. ನಾನು ಬಾಗಿಲು ಎಳೆದುಕೊಂಡೆ.

ಸೆಪ್ಟೆಂಬರ್ 8, ಗುರುವಾರ

ಹೇಳಿದೆ. ನಿಂತು ಹೇಳಲು ಹೋಗಿ, ಆಗದೆ, ಮಂಚದ ಮೇಲೆ ಕೂತು ಹೇಳಿದೆ.

ಪೆನ್ಸಿಲ್ ಕಿರುಚುತ್ತಾಳೆಂದುಕೊಂಡಿದ್ದೆ. ಅವಳು ತುರುಬು ಬಿಚ್ಚಿ, ಪೆನ್ಸಿಲನ್ನು ಮೇಜಿನ ಮೇಲಿಟ್ಟು, “ನನ್ನ ದನಿ ತೆಗೆದೆಯಾ?” ಎಂದಳು.

“ಹೂಂ.”

“ಆ ಸಾಲಲ್ಲಿ ನಿನ್ನ ದನಿ ಬೇಕಿತ್ತು ಕಣೇ ನನಗೆ. ಆವತ್ತು ಬಾಯಿ ಬಿಡಲಿಲ್ಲ. ಈಗ ಬಂದು ನಂದೇ ಕದ್ದೆಯಾ?”

“ನೀನು ಆವಮ್ಮನ ಹತ್ರ ಎಲ್ಲ ಹೇಳ್ಕೊಂಡು ನಗ್ತಿದ್ದೆ. ನನ್ನನ್ನ ಬಿಟ್ಟು…”

“ಬಿಟ್ಟಿದ್ದು ಯಾರು? ಎರಡು ದಿನ ಆ ಟೇಬಲ್ಲಿಂದ ನನ್ನ ಬೆನ್ನು ನೋಡಿದ್ದು ಯಾರು? ವಾರಕ್ಕೆ ಮುಕ್ಕಾಲು ಗಂಟೆ. ಅಷ್ಟೇ ಇರೋದು ನನಗೆ. ಅದನ್ನೂ ಬಿಡಲಿಲ್ಲ ನೀನು.”

ಹಾಸಿಗೆ ಸುತ್ತಿಕೊಂಡು ಪಕ್ಕದ ರೂಮಿಗೆ ಹೋದಳು. ಪೆನ್ಸಿಲ್ ಮೇಜಿನ ಮೇಲೇ ಉಳಿಯಿತು.

ಸೆಪ್ಟೆಂಬರ್ 12, ಸೋಮವಾರ

ಮೆಸ್ಸಿನಲ್ಲಿ ನನ್ನ ಟೇಬಲ್ ಖಾಲಿ. ಆ ಎರಡು ದಿನ ಅವಳಿಗೆ ಹೇಗಿತ್ತೆಂದು ಈಗ ಗೊತ್ತಾಗುತ್ತಿದೆ. ಅರ್ಧ ಊಟ ಮಾಡಿದೆ. ಹೊಸ ಫಾರಂ ತಂದಿದ್ದೇನೆ. ಕಾರಣ ಬರೆದಾಯಿತು. ಮನೆಯವರ ನಂಬರಿನ ಜಾಗ ಖಾಲಿಯಿದೆ. ಹಿಂದಿನ ಫಾರಂನಲ್ಲಿ ಕೊನೆಯ ಎರಡು ಅಂಕಿ ತಪ್ಪು ಬರೆದಿದ್ದೆ, ಬೇಕೆಂದೇ.

ಸೆಪ್ಟೆಂಬರ್ 15, ಗುರುವಾರ

ಅಮ್ಮನಿಗೆ ಫೋನ್ ಮಾಡಿದೆ. ಅವಳು ಮಧ್ಯಾಹ್ನದ ರಿಹರ್ಸಲ್ ಮುಗಿಸಿ ಕೂತಿದ್ದಳು. ಹಿಂದೆ ಅಪ್ಪ ಯಾರ ಮೇಲೋ ಗುಡುಗುತ್ತಿದ್ದರು.

“ಅಮ್ಮಾ, ಕಾಲೇಜಲ್ಲಿ ಒಂದು ಫಾರಂ ಇದೆ. ನಾನು… ಅಂದ್ರೆ ನನಗೆ…”

ನಿಂತುಹೋಯಿತು. ಅಮ್ಮ “ಏನು, ಏನು” ಎನ್ನಲಿಲ್ಲ. ಅವಳ ಕಸುಬೇ ಅದು. ನಟ ಉಸಿರು ತೆಗೆದುಕೊಳ್ಳಲು ನಿಂತಿದ್ದಾನೋ ಮಾತು ಮರೆತು ನಿಂತಿದ್ದಾನೋ ಅವಳಿಗೆ ಗೊತ್ತಾಗುತ್ತದೆ. ಮರೆತಿದ್ದರೆ ಮೊದಲ ಪದ ಮಾತ್ರ ಕೊಡುತ್ತಾಳೆ. ಪೂರ್ತಿ ಸಾಲು ಯಾರಿಗೂ ಕೊಟ್ಟವಳಲ್ಲ.

ಬಹಳ ಹೊತ್ತಾದ ಮೇಲೆ, ಪರದೆಯ ಮರೆಯಿಂದ ಹೇಳುವ ಅದೇ ದನಿಯಲ್ಲಿ ಹೇಳಿದಳು: “ಪೆನ್ಸಿಲ್…”

ಅಷ್ಟೇ. ಉಳಿದದ್ದನ್ನು ನಾನು ಹೇಳಿದೆ. ಪೆನ್ಸಿಲ್ ಮೇಲೆ ನನಗಿರುವುದು ಬರೀ ಸ್ನೇಹವಲ್ಲ ಎಂದೆ. ಅವಳಿಗೂ ಅದನ್ನು ಹೇಳಿಲ್ಲ ಎಂದೆ. ಈ ನೋಟ್‌ಬುಕ್ಕಿನಲ್ಲೂ ಬರೆದಿರಲಿಲ್ಲ.

“ಯಾವಾಗಿಂದ ಗೊತ್ತಮ್ಮಾ ನಿನಗೆ?”

“ಹೋದ ವರ್ಷ ರಜಕ್ಕೆ ಬಂದಾಗ ದಿನಕ್ಕೆ ನಲವತ್ತು ಸಲ ಆ ಹೆಸರು ಬಂತು. ಅಷ್ಟು ಸಲ ಬರೋದು ಯಾವ ಪಾತ್ರ ಅಂತ ನನಗೆ ಗೊತ್ತಾಗಲ್ವಾ?” ಮೂಗು ಎಳೆದುಕೊಂಡಳು. “ಇದೆಲ್ಲ ನನ್ನ ತಲೆಗೆ ಹೋಗೋಕೆ ಹೊತ್ತು ಬೇಕು ಮಗಳೇ. ಸುಳ್ಳು ಹೇಳಲ್ಲ. ಆದ್ರೆ ನಂಬರ್ ಕೊಡೋಕೆ ಹೊತ್ತು ಬೇಡ. ಬರ್ಕೋ.”

“ಅಪ್ಪಂಗೆ?”

“ನಾನು ಹೇಳಲ್ಲ. ಅದು ನಿನ್ನ ಮಾತು. ನಿಂತುಹೋದ್ರೆ ಪಕ್ಕದಲ್ಲಿ ನಾನಿರ್ತೀನಿ.”

ಬಾಯಿಪಾಠವಿದ್ದ ನಂಬರನ್ನೇ ಅವಳು ಹೇಳಿದ ಹಾಗೆ ಒಂದೊಂದೇ ಅಂಕಿ ಬರೆದುಕೊಂಡೆ.

ಸೆಪ್ಟೆಂಬರ್ 16, ಶುಕ್ರವಾರ

ಲಕೋಟೆ ಅಂಟಿಸಿ ಕೊಟ್ಟೆ. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು, “ಏನಮ್ಮಾ ಇದು, ಗುಟ್ಟಿನ ಸಂದೇಶವಾ? ತೆಗೆದು ಕೊಡು,” ಎಂದರು.

“ತೆಗೆಯೋ ಹಾಗಿಲ್ಲ ಸಾರ್. ಒಡೆಯೋದು ಮೇಡಂ ಒಬ್ಬರೇ. ನಿಯಮ ಇದೆ,” ಎಂದೆ. ಹಿಂದಿನ ಸಾಲಿಗೆ ಕೇಳುವ ಹಾಗೆ ಎಂದೆ. ಅಪ್ಪನ ಗಂಟಲು ಎಲ್ಲಿಗೂ ಹೋಗಿರಲಿಲ್ಲ. ಸಾಲಿನಲ್ಲಿದ್ದ ಐದು ಜನರೂ ತಮ್ಮ ಫಾರಂಗಳನ್ನು ಮಡಚಿಕೊಂಡರು. ಒಬ್ಬ ಕೇಳಿದ: “ಲಕೋಟೆ ಎಲ್ಲಿ ಸಿಗುತ್ತೆ?”

ರೂಮಿಗೆ ಬಂದಾಗ ಪೆನ್ಸಿಲ್‌ಳ ಹಾಸಿಗೆ ಮಂಚದ ಮೇಲೆ ವಾಪಸು ಬಂದಿತ್ತು. ಅವಳು ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು. “ಪಕ್ಕದ ರೂಮಿನವಳು ಗೊರಕೆ ಹೊಡೀತಾಳೆ. ಅದಕ್ಕೇ ಬಂದೆ. ಬೇರೇನೂ ಅಂದ್ಕೋಬೇಡ.”

ಏನೂ ಅಂದುಕೊಳ್ಳಲಿಲ್ಲ.

ಅಕ್ಟೋಬರ್ 5, ಬುಧವಾರ

ಲಕೋಟೆ ಒಡೆದು ಓದಿದ ಮೇಡಂ ನನಗೆ ನಾಲ್ಕೂಕಾಲು ಕೊಟ್ಟಿದ್ದಾರೆ. ಮೂರೂವರೆ ಮುಗಿಸಿ ಬಂದ ಪೆನ್ಸಿಲ್ ನನ್ನ ಚೀಲ ತೆಗೆದುಕೊಂಡು ಬೆಂಚಿನ ಮೇಲೆ ಕೂತಳು. ಬೆಂಚಿನವಳು ಈಗ ಅಲ್ಲಿ ಕೂರುವುದಿಲ್ಲ. ಅವಳಿಗೆ ಎರಡು ಗಂಟೆಯದ್ದು ಸಿಕ್ಕಿದೆ.

ಫೋನು ಬಡಿಯಿತು. ಎತ್ತಿದೆ. “ಹೇಳಿ,” ಎಂದರು. ನೆಗಡಿ ವಾಸಿಯಾಗಿತ್ತು. ಈ ಸಲ ನನ್ನ ದನಿಯಲ್ಲೇ ಶುರುಮಾಡಿದೆ. ಅವರು ಅವಸರ ಮಾಡಲಿಲ್ಲ.

ಹೊರಗೆ ಬಂದಾಗ ಪೆನ್ಸಿಲ್ ಎದ್ದು ನಿಂತಳು. “ಕಣ್ಣೆಲ್ಲ ಕೆಂಪಗಾಗಿದೆ. ಏನೇನು ಮಾತಾಡಿದೆಯೇ?”

“ಅದು ಬುಧವಾರದ್ದು,” ಎಂದೆ.

ಒಂದು ಗಳಿಗೆ ಅವಳ ಮುಖ ಚಿಕ್ಕದಾಯಿತು. ಆಮೇಲೆ, “ಅಯ್ಯೋ, ಇದು ಹೀಗೆ ಉರಿಯುತ್ತೇನೇ!” ಎಂದಳು.

ಕ್ಯಾಂಟೀನಿಗೆ ಹೋದೆವು. ಹಸಿವಾಗಿತ್ತು. ಎರಡು ಬನ್ನು ತಿಂದೆ.